ಸ್ಕ್ರೂ ಮುಟ್ಟುವ ಮೊದಲು ಗಾಳಿ ನೋಡಿ: ಐ-ಟು-ಪಿ ಕ್ಯಾಲಿಬ್ರೇಷನ್, ನನ್ನ ಅನುಭವ

ಮಂಗಳೂರು ಬೈಕಂಪಾಡಿಯ ಒಂದು ಎಣ್ಣೆ ಕಾರ್ಖಾನೆಯಲ್ಲಿ ನಾನು ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಮಳೆಗಾಲ ಹಿಡಿದರೆ ನಮಗೆ ಜಾಸ್ತಿ ಕೆಲಸ ಕೊಡುವುದು ಐ-ಟು-ಪಿ ಕನ್ವರ್ಟರ್. ಕಂಟ್ರೋಲ್ ರೂಮಿನಿಂದ ಬರುವ 4–20 ಮಿಲಿಆ್ಯಂಪ್ ಕರೆಂಟಿಗೆ ತಕ್ಕಂತೆ 3–15 ಪಿಎಸ್‌ಐ (ಒತ್ತಡದ ಅಳತೆ) ಗಾಳಿಯನ್ನು ವಾಲ್ವಿಗೆ ಕೊಡುವ ಡಬ್ಬಿ ಅದು. ಕೊಟ್ಟ ಕರೆಂಟಿಗೆ ಸರಿಯಾದ ಒತ್ತಡ ಬರುವಂತೆ ಹೊಂದಿಸುವುದೇ ಕ್ಯಾಲಿಬ್ರೇಷನ್.

ಈ ಸಲ ದೂರು ಬಂದದ್ದು ಹೀಟರಿನ ಸ್ಟೀಮ್ ವಾಲ್ವಿನ ಮೇಲೆ. “ನೂರಕ್ಕೆ ನೂರು ಕೊಟ್ಟರೂ ಪೂರ್ತಿ ತೆರೆಯುವುದಿಲ್ಲ ಮಾರ್ರೆ, ಎಣ್ಣೆ ಬಿಸಿಯೇ ಆಗ್ತಿಲ್ಲ” ಅಂದರು ಆಪರೇಟರ್. ಪರ್ಮಿಟ್ ತೆಗೆದುಕೊಂಡು, ವಾಲ್ವನ್ನು ತಾನೇ ನಡೆಸುವ ಕಂಟ್ರೋಲ್ ಲೂಪನ್ನು ಮ್ಯಾನ್ಯುವಲ್‌ಗೆ ಹಾಕಿಸಿ, ಸ್ಟೀಮನ್ನು ಬೈಪಾಸಿನಲ್ಲಿ ಬಿಟ್ಟೆವು.

ಕೇಬಲ್ ಬಿಚ್ಚಿ ಕ್ಯಾಲಿಬ್ರೇಟರ್ ಜೋಡಿಸಿದೆ. ಅದು ಸೋರ್ಸ್ ಮೋಡಿನಲ್ಲೇ, ಅಂದರೆ ತಾನೇ ಕರೆಂಟ್ ಕೊಡುವ ಮೋಡಿನಲ್ಲೇ ಇರಬೇಕು. ಟ್ರಾನ್ಸ್‌ಮಿಟರಿನ ಅಭ್ಯಾಸದಲ್ಲಿ, ಬೇರೆ ಕಡೆಯಿಂದ ಬರುವ ಕರೆಂಟನ್ನು ಬರೀ ಹಿಡಿದು ಬಿಡುವ ಸಿಮ್ಯುಲೇಟ್‌ಗೆ ಹಾಕಿದರೆ ಇಲ್ಲಿ ಕರೆಂಟೇ ಹರಿಯುವುದಿಲ್ಲ. ಒಳಗಿರುವುದು ಬರೀ ಕಾಯಿಲ್, ಕರೆಂಟನ್ನು ನಾವೇ ಕೊಡಬೇಕು ಅಲ್ವಾ? ಔಟ್‌ಪುಟ್ ಲೈನಿಗೆ ಟೀ ಹಾಕಿ ಡಿಜಿಟಲ್ ಟೆಸ್ಟ್ ಗೇಜ್ ಕೂರಿಸಿದೆ. ವಾಲ್ವನ್ನು ಲೈನಿನಿಂದ ಬಿಡಿಸಲಿಲ್ಲ. ಗಿಡ್ಡ ಟ್ಯೂಬಿಗೆ ಬರೀ ಗೇಜ್ ಸಿಕ್ಕಿಸಿದರೆ ಕೆಲವು ಮಾಡೆಲ್‌ಗಳಲ್ಲಿ ರೀಡಿಂಗ್ ಸುಮ್ನೆ ಕುಣಿಯುತ್ತಿರುತ್ತದೆ.

ಏನನ್ನೂ ಮುಟ್ಟದೆ ಮೊದಲು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡೆ. 4 ಮಿಲಿಆ್ಯಂಪಿಗೆ 2.6, 12ಕ್ಕೆ 8.2, 20ಕ್ಕೆ 13.8 ಪಿಎಸ್‌ಐ. ಬರಬೇಕಾದದ್ದು 3, 9, 15. ಅದೂ ರೀಡಿಂಗ್ ಸರ್ರನೆ ಏರಿದ್ದಲ್ಲ, ತೆವಳಿದ್ದು. ಕರೆಂಟ್ ಕೊಟ್ಟು ಎಷ್ಟೋ ಹೊತ್ತಿನ ಮೇಲೆ ಒತ್ತಡ ನಿಲ್ಲುತ್ತಿತ್ತು. ಇಂಥ ಕಡೆ ಸೀದಾ ಸ್ಪ್ಯಾನ್ ಸ್ಕ್ರೂ (ಮೇಲಿನ ತುದಿಯ ಒತ್ತಡ ಹೊಂದಿಸುವುದು) ತಿರುಗಿಸುವವರಿದ್ದಾರೆ. ಅವತ್ತಿಗೆ ಲೆಕ್ಕ ಸರಿಹೋಗುತ್ತದೆ, ಕಸ ಒಳಗೇ ಇರುತ್ತದೆ. ತೆವಳುವುದು ಸ್ಕ್ರೂವಿನ ರೋಗವಲ್ಲ, ಗಾಳಿಯ ರೋಗ.

ಡಬ್ಬಿಗೆ ಬರುವ ಗಾಳಿಯನ್ನು ಸೋಸಿ ಒತ್ತಡ ಇಳಿಸುವ ಫಿಲ್ಟರ್ ರೆಗ್ಯುಲೇಟರಿನ ಡ್ರೈನ್ ಬಿಚ್ಚಿದೆ. ಕಂದು ಬಣ್ಣದ ನೀರು ಬುಸ್ಸೆಂದು ಹಾರಿತು, ಮೇಲೆ ಎಣ್ಣೆಯ ಪಸೆ ಬೇರೆ. ಕಡಲ ಕರೆಯ ಒದ್ದೆ ಗಾಳಿಯನ್ನು ಕಂಪ್ರೆಸರ್ ಎಳೆದು ಒತ್ತುತ್ತದೆ. ಅದು ತಣಿದಾಗ ನೀರು ಬಿಡುತ್ತದೆ. ಡ್ರೈಯರ್ ಅದನ್ನು ಹೊರಹಾಕದಿದ್ದರೆ ನೀರು ಸೀದಾ ನಮ್ಮ ಡಬ್ಬಿಗೇ. ಫಿಲ್ಟರ್ ಬದಲಾಯಿಸಿ, ಸಪ್ಲೈ 20 ಪಿಎಸ್‌ಐಗೆ ನಿಲ್ಲಿಸಿದೆ.

ಆಮೇಲೆ ಡಬ್ಬಿಯ ಒಳಗಿನ ರಿಸ್ಟ್ರಿಕ್ಷನ್, ಅಂದರೆ ಗಾಳಿಯನ್ನು ತಡೆದು ಸ್ವಲ್ಪವೇ ಬಿಡುವ ಪಾರ್ಟ್ ಬಿಚ್ಚಿ ಬೆಳಕಿಗೆ ಹಿಡಿದೆ. ಕೂದಲೆಳೆಯಷ್ಟು ಸಣ್ಣ ತೂತು, ಅದರ ಅಂಚಿಗೆ ಜೇನುಬಣ್ಣದ ಅಂಟು. ಗಾಳಿ ಹೊರಚಿಮ್ಮುವ ನಾಝಲ್‌ಗೆ ಗಾಳಿ ಹೋಗುವುದು ಈ ತೂತಿನಿಂದಲೇ. ಇದು ಕಟ್ಟಿದರೆ ನಾಝಲ್‌ನ ಹಿಂದೆ ನಿಲ್ಲುವ ಒತ್ತಡ ಬಿದ್ದು, ಅದನ್ನೇ ಅನುಸರಿಸುವ ಔಟ್‌ಪುಟ್ ಇಳಿಯುತ್ತದೆ. ನಾಝಲ್‌ನ ಬಾಯೇ ಕಟ್ಟಿದರೆ ಉಲ್ಟಾ, ಔಟ್‌ಪುಟ್ ಏರುತ್ತದೆ. ಸಾಲ್ವೆಂಟಿನಲ್ಲಿ ತೊಳೆದು ಒಣ ಗಾಳಿ ಊದಿದೆ. ಪಿನ್ನು, ಗುಂಡುಸೂಜಿ ಹಾಕಿ ಕೆದಕಬಾರದು. ತೂತು ಚೂರು ದೊಡ್ಡದಾದರೂ ಆ ಪಾರ್ಟ್ ಗುಜರಿಗೇ.

ಮತ್ತೆ ಕರೆಂಟ್ ಕೊಟ್ಟರೆ 4ಕ್ಕೆ 2.9, 20ಕ್ಕೆ 15.3. ತೆವಳುವುದೂ ನಿಂತಿತ್ತು. ಈಗ ಸ್ಕ್ರೂಡ್ರೈವರ್ ಹಿಡಿದೆ. 4ರಲ್ಲಿ ಕೆಳತುದಿಯ ಝೀರೋ ಸ್ಕ್ರೂ ತಿರುಗಿಸಿ 3.00, 20ರಲ್ಲಿ ಸ್ಪ್ಯಾನ್ ತಿರುಗಿಸಿ 15.00. ಕೆಳಗೆ ಬಂದು ನೋಡಿದರೆ ಝೀರೋ ಸರಿದಿರುತ್ತದೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುವುದು ಈ ಡಬ್ಬಿಯ ಸ್ವಭಾವ. ಎರಡೂ ನಿಲ್ಲುವ ತನಕ ಮೇಲೆ ಕೆಳಗೆ ಓಡಾಡಲೇಬೇಕು. ಡಬ್ಬಿಯನ್ನು ಬೆಂಚಿಗೆ ಒಯ್ದು ಮಲಗಿಸಿ ಮಾಡಿದರೆ, ಪೈಪಿಗೆ ನೆಟ್ಟಗೆ ಕಟ್ಟಿದಾಗ ಕೆಲವು ಮಾಡೆಲ್‌ಗಳಲ್ಲಿ ಝೀರೋ ಬದಲಾಗುತ್ತದೆ. ಹಾಗಾಗಿ ನಾನು ಇದ್ದ ಜಾಗದಲ್ಲೇ ಮಾಡುವುದು.

ಕೊನೆಗೆ 4, 8, 12, 16, 20 ಹೀಗೆ ಐದು ಪಾಯಿಂಟಿನಲ್ಲಿ ಪರೀಕ್ಷೆ. ಏರುವಾಗ 3.01, 6.02, 9.03, 12.02, 15.00. ಇಳಿಯುವಾಗ 12.04, 9.05, 6.04, 3.02. ನಮ್ಮ ಮಾಡೆಲ್‌ಗೆ ಸ್ಪ್ಯಾನಿನ (3ರಿಂದ 15ರ ತನಕದ 12 ಪಿಎಸ್‌ಐ) ಅರ್ಧ ಶೇಕಡಾ, ಅಂದರೆ 0.06 ಪಿಎಸ್‌ಐ ತನಕ ವ್ಯತ್ಯಾಸ ನಡೆಯುತ್ತದೆ. ಏರುವಾಗ ಮಾತ್ರ ನೋಡಿ ಶೀಟ್ ತುಂಬುವವರಿಗೆ ಹಿಸ್ಟರಿಸಿಸ್, ಅಂದರೆ ಒಂದೇ ಪಾಯಿಂಟಿನಲ್ಲಿ ಏರುವಾಗಿನ ಮತ್ತು ಇಳಿಯುವಾಗಿನ ರೀಡಿಂಗಿನ ವ್ಯತ್ಯಾಸ, ಎಂದೂ ಸಿಗುವುದಿಲ್ಲ.

ಕೇಬಲ್ ಜೋಡಿಸಿ, ಮುಚ್ಚಳದ ಗ್ಯಾಸ್ಕೆಟ್ ಹೊಸದು ಹಾಕಿ, ಕಂಟ್ರೋಲ್ ರೂಮಿನಿಂದ 50 ಶೇಕಡಾ ಕೊಡಿಸಿದೆ. ವಾಲ್ವಿನ ಸ್ಟೆಮ್ (ತೆರೆಯುವ ದಂಡ) ಅರ್ಧಕ್ಕೆ ಬಂದು ನಿಂತಿತು, ನೂರಕ್ಕೆ ಪೂರ್ತಿ ತೆರೆಯಿತು. ಡ್ರೈಯರ್ ನೋಡಲು ಹೋದರೆ ಅದರ ಆಟೋ ಡ್ರೈನ್ ಕಟ್ಟಿಕೊಂಡಿತ್ತು. ಯುಟಿಲಿಟಿಯವರಿಗೆ ಬರೆದು ಕೊಟ್ಟು, ಅದೇ ಲೈನಿನ ಉಳಿದ ರೆಗ್ಯುಲೇಟರುಗಳ ಡ್ರೈನ್ ತೆರೆಯುತ್ತಾ ಹೋದೆ.