ನ್ಯಾಯಾಧೀಶರು ಪರೀಕ್ಷೆ ಬರೆಯುತ್ತಾರೆ, ನ್ಯಾಯಮೂರ್ತಿಗಳು ಕಾಯುತ್ತಾರೆ

ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಪೀಠದಲ್ಲಿ ಕೂರುವವರನ್ನು ಕನ್ನಡ ಪತ್ರಿಕೆಗಳು ‘ನ್ಯಾಯಾಧೀಶರು’ ಎಂದೂ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಪೀಠದಲ್ಲಿ ಕೂರುವವರನ್ನು ‘ನ್ಯಾಯಮೂರ್ತಿಗಳು’ ಎಂದೂ ಬರೆಯುತ್ತವೆ. ವ್ಯತ್ಯಾಸ ಗೌರವಕ್ಕಷ್ಟೇ ಸಂಬಂಧಿಸಿದ್ದಲ್ಲ, ಆ ಪೀಠಗಳಿಗೆ ಹೋಗುವ ದಾರಿಗಳೇ ಬೇರೆ. ಮೊದಲನೆಯದಕ್ಕೆ ಅರ್ಜಿ ಹಾಕಬಹುದು. ಎರಡನೆಯದಕ್ಕೆ ಅರ್ಜಿ ಎಂಬುದೇ ಇಲ್ಲ.

ಮೊದಲ ಮೆಟ್ಟಿಲು ಸಿವಿಲ್ ನ್ಯಾಯಾಧೀಶರ ಹುದ್ದೆ. ಸಂವಿಧಾನದ 234ನೇ ವಿಧಿಯ ಪ್ರಕಾರ ನೇಮಿಸುವವರು ರಾಜ್ಯಪಾಲರಾದರೂ, ಕರ್ನಾಟಕದಲ್ಲಿ ಅಧಿಸೂಚನೆ ಹೊರಡಿಸಿ, ಪರೀಕ್ಷೆ ನಡೆಸಿ, ಆಯ್ಕೆಪಟ್ಟಿ ಸಿದ್ಧಪಡಿಸುವುದು ಹೈಕೋರ್ಟ್. ಕಾನೂನು ಪದವಿ ಮುಗಿಸಿದವರು ನೇರವಾಗಿ ಪರೀಕ್ಷೆಗೆ ಕೂರಬಹುದೆಂದು 2002ರಲ್ಲಿ ತೆರೆದಿದ್ದ ಬಾಗಿಲನ್ನು ಸುಪ್ರೀಂ ಕೋರ್ಟ್ 2025ರ ಮೇ 20ರ ತೀರ್ಪಿನಲ್ಲಿ ಮುಚ್ಚಿ, ಕನಿಷ್ಠ ಮೂರು ವರ್ಷಗಳ ವಕೀಲಿಕೆಯನ್ನು ಕಡ್ಡಾಯಗೊಳಿಸಿತು. ಹತ್ತು ವರ್ಷಗಳ ಅನುಭವವಿರುವ ವಕೀಲರೊಬ್ಬರು ಇದಕ್ಕೆ ಪ್ರಮಾಣಪತ್ರ ಕೊಡಬೇಕು, ಅದನ್ನು ನ್ಯಾಯಾಂಗ ಅಧಿಕಾರಿಯೊಬ್ಬರು ದೃಢೀಕರಿಸಬೇಕು. ಆದ್ದರಿಂದ ಸನ್ನದು ಪಡೆದು ಹಿರಿಯರ ಕಚೇರಿ ಸೇರಿದ ಮೊದಲ ತಿಂಗಳಿನಿಂದಲೇ ವಕಾಲತ್ತುಗಳಲ್ಲಿ ತಮ್ಮ ಹೆಸರೂ ಇರುವಂತೆ ನೋಡಿಕೊಳ್ಳುವುದು ಕಿರಿಯರಿಗೆ ಕ್ಷೇಮ.

ಪೂರ್ವಭಾವಿ ಪರೀಕ್ಷೆ ಬರೀ ಜರಡಿ. ಅದರ ಅಂಕಗಳು ಅಂತಿಮ ಆಯ್ಕೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಿಜವಾದ ಸೋಲು–ಗೆಲುವು ಮುಖ್ಯ ಪರೀಕ್ಷೆಯಲ್ಲಿ. ಅಲ್ಲಿ ಕೊಟ್ಟ ಸಂಗತಿಗಳ ಮೇಲೆ ವಿವಾದಾಂಶಗಳನ್ನು ರಚಿಸಬೇಕು, ದೋಷಾರೋಪ ಹೊರಿಸಬೇಕು, ತೀರ್ಪು ಬರೆಯಬೇಕು. ಇವಲ್ಲದೆ ಸಾಕ್ಷಿಗಳ ಹೇಳಿಕೆ, ದಸ್ತಾವೇಜು, ತೀರ್ಪುಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಪತ್ರಿಕೆಯೊಂದಿದೆ. ಬಹಳ ಅಭ್ಯರ್ಥಿಗಳು ಹಗುರವಾಗಿ ಕಾಣುವ ಈ ಪತ್ರಿಕೆಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅರ್ಥಪೂರ್ಣವಾದುದು. ‘ಬದುವಿನ ಮೇಲಿದ್ದ ಜಾಲಿ ಕಡಿದು ಕಲ್ಲನ್ನು ಒಳಕ್ಕೆ ಸರಿಸಿದರು’ ಎಂದು ರೈತನೊಬ್ಬ ಕಟಕಟೆಯಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತರುವಾಗ ‘ಬದು’ ಎಂಬ ಒಂದೇ ಪದ ಬೇಲಿಯೆಂದೋ ಕಾಲುದಾರಿಯೆಂದೋ ಆಗಿಬಿಟ್ಟರೆ, ಮೇಲ್ಮನವಿಯ ಹೊತ್ತಿಗೆ ಜಮೀನಿನ ಗಡಿಯೇ ಬದಲಾಗಿರುತ್ತದೆ. ಇದನ್ನೆಲ್ಲ ದಾಟಿದವರಿಗೆ ಮೌಖಿಕ ಸಂದರ್ಶನ, ನಂತರ ತರಬೇತಿ.

ಜಿಲ್ಲಾ ನ್ಯಾಯಾಧೀಶರ ಹಂತಕ್ಕೆ ಅರ್ಧದಷ್ಟು ಜನ ಬಡ್ತಿಯಿಂದ, ಕಾಲುಭಾಗ ಸೇವೆಯಲ್ಲಿರುವವರಿಗಾಗಿಯೇ ನಡೆಯುವ ಸೀಮಿತ ಸ್ಪರ್ಧಾತ್ಮಕ ಪರೀಕ್ಷೆಯಿಂದ, ಉಳಿದ ಕಾಲುಭಾಗ ನೇರ ನೇಮಕಾತಿಯಿಂದ ಬರುತ್ತಾರೆ. ನೇರ ನೇಮಕಾತಿಗೆ ಏಳು ವರ್ಷಗಳ ವಕೀಲಿಕೆ ಬೇಕು. ವಕೀಲಿಕೆ ಮತ್ತು ನ್ಯಾಯಾಂಗ ಸೇವೆ ಎರಡೂ ಸೇರಿ ಏಳು ವರ್ಷವಾದವರೂ ಅರ್ಹರೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2025ರ ಅಕ್ಟೋಬರ್ 9ರಂದು ಹೇಳಿತು.

ಇಲ್ಲಿಂದ ಮುಂದೆ ದಾರಿ ಮಬ್ಬಾಗುತ್ತದೆ. 217ನೇ ವಿಧಿಯಂತೆ ಹತ್ತು ವರ್ಷ ಹೈಕೋರ್ಟ್‌ನಲ್ಲಿ ವಕೀಲಿಕೆ ಮಾಡಿದವರು ಅಥವಾ ಹತ್ತು ವರ್ಷ ನ್ಯಾಯಾಂಗ ಹುದ್ದೆಯಲ್ಲಿದ್ದವರು ಹೈಕೋರ್ಟ್ ನ್ಯಾಯಮೂರ್ತಿಯಾಗಲು ಅರ್ಹರು. ಆದರೆ ಹೆಸರನ್ನು ಸೂಚಿಸುವುದು ಹೈಕೋರ್ಟ್‌ನ ಕೊಲಿಜಿಯಂ, ಅಂದರೆ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಅತಿ ಹಿರಿಯ ನ್ಯಾಯಮೂರ್ತಿಗಳು. ವಕೀಲರಿಂದ ಕೇಳುವುದು ಒಪ್ಪಿಗೆ, ಜೊತೆಗೆ ಆದಾಯದ ವಿವರ ಮತ್ತು ವಾದಿಸಿದ ಪ್ರಕರಣಗಳ ತೀರ್ಪುಗಳು. ಆ ಕಡತ ಮುಖ್ಯಮಂತ್ರಿ ಮತ್ತು ರಾಜ್ಯಪಾಲರ ಅಭಿಪ್ರಾಯಕ್ಕೆ ಹೋಗುತ್ತದೆ. ಆರು ವಾರಗಳಲ್ಲಿ ಅವರ ಉತ್ತರ ಬಾರದಿದ್ದರೆ ಹೇಳುವುದೇನೂ ಇಲ್ಲವೆಂದು ಭಾವಿಸಿ ಕೇಂದ್ರ ಕಾನೂನು ಸಚಿವಾಲಯ ಮುಂದುವರಿಯಬಹುದು. ಗುಪ್ತಚರ ದಳದ ವರದಿ ಸೇರಿದ ಬಳಿಕ ಕಡತವು ಭಾರತದ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯರ ಕೊಲಿಜಿಯಂ ಮುಂದೆ ಬರುತ್ತದೆ. ಅವರು ಶಿಫಾರಸು ಮಾಡಿದರೆ ಮತ್ತೆ ಸಚಿವಾಲಯ, ಪ್ರಧಾನಿ, ಕೊನೆಗೆ ರಾಷ್ಟ್ರಪತಿಯವರ ಸಹಿ.

ಸಂವಿಧಾನದ ಮೂಲ ಪಠ್ಯದಲ್ಲಿ ಕೊಲಿಜಿಯಂ ಎಂಬ ಪದವಿಲ್ಲ. ಅಲ್ಲಿದ್ದ ‘ಸಮಾಲೋಚನೆ’ ಎಂಬ ಪದಕ್ಕೆ 1993 ಮತ್ತು 1998ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಅರ್ಥದಿಂದ ಈ ವ್ಯವಸ್ಥೆ ಹುಟ್ಟಿತು. ಇದರ ಬದಲಿಗೆ ಸಂಸತ್ತು ತಂದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರ್ 16ರಂದು ನಾಲ್ಕು–ಒಂದರ ಬಹುಮತದಿಂದ ನ್ಯಾಯಾಲಯ ರದ್ದುಪಡಿಸಿತು. ಸರ್ಕಾರ ಒಮ್ಮೆ ಹೆಸರನ್ನು ಹಿಂದಿರುಗಿಸಬಹುದು. ಕೊಲಿಜಿಯಂ ಅದನ್ನೇ ಪುನರುಚ್ಚರಿಸಿದರೆ ನೇಮಿಸಲೇಬೇಕು ಎಂಬುದು ನಿಯಮ. ಹಾಗೆ ಪುನರುಚ್ಚರಿಸಿದ ಹೆಸರನ್ನು ಮೂರು–ನಾಲ್ಕು ವಾರಗಳಲ್ಲಿ ನೇಮಿಸಬೇಕೆಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಗಡುವು ಮೀರಿದರೆ ಏನು ಎಂಬುದಕ್ಕೆ ಉತ್ತರ ಸಿಕ್ಕಿಲ್ಲ. ನೋಡಿ: ಬೆಂಗಳೂರಿನ ಹಿರಿಯ ವಕೀಲ ಆದಿತ್ಯ ಸೋಂಧಿ ಅವರ ಹೆಸರನ್ನು ಕೊಲಿಜಿಯಂ 2021ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್‌ಗೆ ಶಿಫಾರಸು ಮಾಡಿತು, ಸೆಪ್ಟೆಂಬರಿನಲ್ಲಿ ಪುನರುಚ್ಚರಿಸಿತು. ಆದೇಶ ಬರಲಿಲ್ಲ. 2022ರ ಫೆಬ್ರುವರಿಯಲ್ಲಿ ಅವರು ತಮ್ಮ ಒಪ್ಪಿಗೆಯನ್ನೇ ಹಿಂಪಡೆದರು. ಈ ಪ್ರಕ್ರಿಯೆಯಲ್ಲಿ ಅಭ್ಯರ್ಥಿಯ ಕೈಯಲ್ಲಿರುವುದು ಆ ಒಪ್ಪಿಗೆಯೊಂದೇ.

ಆದೇಶ ಬಂದವರು ಸಾಮಾನ್ಯವಾಗಿ ಮೊದಲು ಹೆಚ್ಚುವರಿ ನ್ಯಾಯಮೂರ್ತಿಗಳಾಗಿ, ಗರಿಷ್ಠ ಎರಡು ವರ್ಷಗಳ ಅವಧಿಗೆ ಪ್ರಮಾಣವಚನ ಸ್ವೀಕರಿಸುತ್ತಾರೆ. ಬಳಿಕ ಕಾಯಂ ಆಗುತ್ತಾರೆ. ನಿವೃತ್ತಿ 62ಕ್ಕೆ. ಬೆಂಗಳೂರಿನಲ್ಲಿ 1987ರಲ್ಲಿ ವಕೀಲಿಕೆ ಆರಂಭಿಸಿದ ಬಿ.ವಿ. ನಾಗರತ್ನ ಅವರು 2008ರಲ್ಲಿ ಹೆಚ್ಚುವರಿ ನ್ಯಾಯಮೂರ್ತಿಯಾಗಿ 2010ರಲ್ಲಿ ಕಾಯಂ ಆದವರು. ಸುಪ್ರೀಂ ಕೋರ್ಟ್‌ಗೆ ಹೆಸರು ಸೂಚಿಸುವುದು ಐವರ ಕೊಲಿಜಿಯಂ. ಅದು ನಾಗರತ್ನ ಅವರೂ ಸೇರಿದಂತೆ ಒಂಬತ್ತು ಹೆಸರುಗಳನ್ನು 2021ರ ಆಗಸ್ಟ್ 17ರಂದು ಶಿಫಾರಸು ಮಾಡಿತು. ಅದೇ ತಿಂಗಳ 31ರಂದು ಒಂಬತ್ತೂ ಮಂದಿ ಪ್ರಮಾಣವಚನ ಸ್ವೀಕರಿಸಿದ್ದರು.