ದೊಡ್ಡ ಶೀನಿ, ಚಿಕ್ಕ ಶೀನಿ

ಹಾಸ್ಯ ಚಿತ್ರಕ್ಕೆ ಸಂಭಾಷಣೆ ಬರೆಯಲು ಕೂತಾಗ ನಿರ್ದೇಶಕರ ಮೊದಲ ಬೇಡಿಕೆ ಹೆಚ್ಚುಕಮ್ಮಿ ಒಂದೇ: ‘ಕೇಳಿದ ತಕ್ಷಣ ನಗು ಬರಬೇಕು ಸಾರ್, ಅಂಥ ಹೆಸರು ಕೊಡಿ.’ ನಾನು ಕೊಡುವುದಿಲ್ಲ. ಅಂಥ ಹೆಸರು ಎರಡನೇ ಸೀನಿಗೇ ಹಳಸುತ್ತದೆ, ಪಾತ್ರ ಮಾತ್ರ ಕ್ಲೈಮ್ಯಾಕ್ಸ್‌ವರೆಗೂ ಓಡಾಡಬೇಕು. ನನಗೆ ಬೇಕಾದದ್ದು ಸಾದಾ ಹೆಸರು. ಅದನ್ನು ಯಾರು, ಯಾವಾಗ, ಹೇಗೆ ಕೂಗುತ್ತಾರೆ ಅನ್ನುವುದರಲ್ಲಿದೆ ನಗು.

ಇಂಥ ಹೆಸರುಗಳು ನಮ್ಮ ಮನೆಗಳಲ್ಲೇ ಬೇಕಾದಷ್ಟಿವೆ. ಮೊಮ್ಮಗನಿಗೆ ತಾತನ ಹೆಸರಿಡುವುದು ಹಳೇ ಪದ್ಧತಿ. ಆದರೆ ಸೊಸೆಯಾದವಳು ಮಾವನ ಹೆಸರು ಹಿಡಿದು ಕೂಗುವಂತಿರಲಿಲ್ಲ. ಹಾಗಾಗಿ ಜಾತಕದ ಶ್ರೀನಿವಾಸ ಅಡುಗೆಮನೆಯಲ್ಲಿ ಪುಟ್ಟನೋ ಅಪ್ಪುವೋ ಆಗುತ್ತಿದ್ದ. ‘ಶ್ರೀನಿವಾಸಾ, ಎಲ್ಲಿ ಹಾಳಾಗಿ ಹೋಗಿದ್ದೆಯೋ?’ ಅಂತ ಅವಳೇನಾದರೂ ಬಾಯಿತಪ್ಪಿ ಕೂಗಿದಳೋ, ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಮಾವ ಕನ್ನಡಕ ತೆಗೆದು ನೋಡಬೇಕು. ಈ ಸೀನನ್ನು ಬೇರೆ ಬೇರೆ ವೇಷದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಓಡುತ್ತಿದೆ.

ಅಣ್ಣ ತಮ್ಮ ಇಬ್ಬರೂ ತಮ್ಮ ಮಕ್ಕಳಿಗೆ ಅದೇ ತಾತನ ಹೆಸರಿಟ್ಟರೆ ಒಂದೇ ಮನೆಯಲ್ಲಿ ದೊಡ್ಡ ಶೀನಿ, ಚಿಕ್ಕ ಶೀನಿ. ಪತ್ರ ಒಬ್ಬನಿಗೆ, ಏಟು ಇನ್ನೊಬ್ಬನಿಗೆ. ಈ ಗೊಂದಲ ಎರಡು ಸಾವಿರ ವರ್ಷಕ್ಕೂ ಹಳೆಯದು. ರೋಮಿನ ಪ್ಲಾಟಸ್ ಬರೆದ ‘ಮೆನೆಕ್ಮಿ’ಯಲ್ಲಿ ಅವಳಿಗಳಲ್ಲೊಬ್ಬ ಕಳೆದುಹೋಗುತ್ತಾನೆ, ಉಳಿದವನಿಗೆ ಅಜ್ಜ ಕಳೆದುಹೋದವನ ಹೆಸರನ್ನೇ ಇಡುತ್ತಾನೆ. ಅದೇ ಕಥೆಯಿಂದ ‘ಕಾಮಿಡಿ ಆಫ್ ಎರರ್ಸ್’ ಕಟ್ಟಿದ ಶೇಕ್ಸ್‌ಪಿಯರ್ ಕಾರಣ ಕೊಡುವ ಗೋಜಿಗೇ ಹೋಗಲಿಲ್ಲ. ಹೆಸರಿನಿಂದಲ್ಲದೆ ಇವರನ್ನು ಗುರುತಿಸಲಾಗದು ಅಂತ ತಂದೆ ಶುರುವಿನಲ್ಲೇ ಹೇಳುತ್ತಾನೆ, ಆಮೇಲೆ ನೋಡಿದರೆ ಇಬ್ಬರೂ ಆಂಟಿಫೊಲಸ್, ಅವರ ಆಳುಗಳಿಬ್ಬರೂ ಡ್ರೋಮಿಯೊ! ಶೇಕ್ಸ್‌ಪಿಯರ್‌ಗೆ ನಡೆಯುತ್ತದೆ. ನಮ್ಮಂಥವರಿಗೆ ಪ್ಲಾಟಸ್‌ನ ಅಜ್ಜನೇ ಗತಿ.

ಉತ್ತರ ಕರ್ನಾಟಕದ ಅಡ್ಡಹೆಸರುಗಳತ್ತ ಎಲ್ಲರ ಕಣ್ಣೂ ಬೀಳುತ್ತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ. ಠಾಣೆಯಲ್ಲಿ ‘ಹೆಸರೇನ್ರೀ?’ ಅಂದರೆ ‘ಉಳ್ಳಾಗಡ್ಡಿ’, ‘ಸಂತಿ ಚೀಲ ಅಲ್ಲ, ಹೆಸರು ಕೇಳಿದ್ದು!’ ಅನ್ನುವ ಜೋಕು ತಂಡದಲ್ಲಿ ಯಾರಾದರೂ ಹೇಳಿಯೇ ತೀರುತ್ತಾರೆ. ನಾನು ಹೊಡೆದುಹಾಕುತ್ತೇನೆ. ಹುಬ್ಬಳ್ಳಿ ಥಿಯೇಟರಿನಲ್ಲಿ ಅದಕ್ಕೆ ಯಾರೂ ನಗುವುದಿಲ್ಲ, ಅಲ್ಲಿ ಅದು ಪಕ್ಕದ ಮನೆಯವರ ಹೆಸರು.

ತಿಪ್ಪಣ್ಣ, ಗುಂಡಪ್ಪ, ಹುಚ್ಚಪ್ಪಗಳ ವಿಷಯದಲ್ಲಿ ನಾನು ಇನ್ನೂ ಬಿಗಿ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನದನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ಹಾಗೆ ಕರೆಯುತ್ತಿದ್ದರು, ಸಾವು ಅಂಥ ಹೆಸರನ್ನು ಮೂಸುವುದಿಲ್ಲವೆಂದು. ಅಂಥ ಪಾತ್ರ ಬರೆಯುತ್ತೇನೆ, ಹೆಸರಿಗೆ ಮಾತ್ರ ನಗಿಸುವುದಿಲ್ಲ.

ಪುರಾಣದ ಹೆಸರು ಇನ್ನೊಂದು ದಾರಿ. ಫಣಿ ರಾಮಚಂದ್ರ ಅವರ ‘ಗೌರಿ ಗಣೇಶ’ದಲ್ಲಿ (1991) ಅನಂತ್‌ನಾಗ್ ಪಾತ್ರದ ಹೆಸರು ಲಂಬೋದರ. ಹೊಟ್ಟೆಯೇ ಇಲ್ಲದ ಮನುಷ್ಯ, ಮೇಲೆ ಮಾತಿನಲ್ಲೇ ಊರಿಗೆ ಟೋಪಿ ಹಾಕುವವ! ಹೆಸರು ತನ್ನ ಪಾಡಿಗೆ ಗಂಭೀರವಾಗಿದೆ, ಆಸಾಮಿ ಅದಕ್ಕೆ ಒಗ್ಗುತ್ತಿಲ್ಲ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಹೆಸರು ಗಟ್ಟಿ ಮಾಡುವ ಮುನ್ನ ಮಹಡಿಯಿಂದ ಬೀದಿಗೆ ಕೇಳುವಂತೆ ಒಮ್ಮೆ ಕೂಗುತ್ತೇನೆ. ನಮ್ಮಲ್ಲಿ ಕೂಗಿದರೆ ಕೊನೆಯ ಸ್ವರ ಎಳೆಯುತ್ತದೆ: ‘ಶೀನೀ’, ‘ಗೋಪಾಲಾ’. ಆ ಎಳೆತದಲ್ಲಿ ಸಿಟ್ಟು, ಮುದ್ದು, ಬೇಸರ ಮೂರೂ ಕೂರಬೇಕು. ಕೂರದಿದ್ದರೆ ಹೆಸರು ಕಾಗದದ ಮೇಲೆ ಎಷ್ಟೇ ಚೆಂದವಿದ್ದರೂ ಬಿಡುತ್ತೇನೆ. ನೆರೆಯವರಿಗೆ ಇದು ಅಭ್ಯಾಸವಾಗಿದೆ.

ತುಟಿಯನ್ನೂ ನೋಡುತ್ತೇನೆ. ಒಂದು ಚಿತ್ರದಲ್ಲಿ ಶೂಟಿಂಗ್ ಮುಗಿದ ಮೇಲೆ ನಿರ್ಮಾಪಕರಿಗೆ ಭಯ ಶುರುವಾಯಿತು: ಜಿಪುಣ ಸಾಹುಕಾರನ ಹೆಸರು ಪಾಪಣ್ಣ, ಅವರ ಊರಲ್ಲಿ ಅದೇ ಹೆಸರಿನ ದೊಡ್ಡ ಕುಳವೊಬ್ಬರಿದ್ದರು. ಡಬ್ಬಿಂಗ್‌ನಲ್ಲಿ ಬದಲಿಸೋಣ ಎಂದರು. ಸಿದ್ದಣ್ಣ, ರಂಗಣ್ಣ ಎಲ್ಲ ಹಾಕಿ ನೋಡಿದೆವು, ಕೂರಲಿಲ್ಲ. ಪ, ಬ, ಮ ಅನ್ನುವಾಗ ತುಟಿ ಮುಚ್ಚಲೇಬೇಕು. ತೆರೆಯ ಮೇಲೆ ನಟನ ತುಟಿ ಎರಡು ಸಲ ಮುಚ್ಚುತ್ತಿತ್ತು. ಕೊನೆಗೆ ಬಾಬಣ್ಣ ಅಂದೆವು. ಪ ಹೋಗಿ ಬ ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಈಗ ತಂಟೆ ಬರಬಹುದಾದ ಪಾತ್ರಕ್ಕೆ ತುಟಿ ಮುಚ್ಚದ ಹೆಸರನ್ನೇ ಹುಡುಕುತ್ತೇನೆ. ಶೀನಿಯನ್ನು ರಾತ್ರೋರಾತ್ರಿ ನಾಣಿ ಮಾಡಬಹುದು.