ಸೆಂಟರ್ ಸ್ಪೀಕರ್ ಕರಕರ ಎಂದಾಗ ನಾನು ಮಾಡಿದ್ದು

ನಮ್ಮ ಮನೆಯ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಹೋಮ್ ಥಿಯೇಟರ್‌ನಲ್ಲಿ ಸೆಂಟರ್ ಸ್ಪೀಕರ್ ಕೈಕೊಟ್ಟಿತು. ಸಂಗೀತ ಜೋರಾಗಿ ಕೇಳುತ್ತಿತ್ತು, ಮಾತು ಮಾತ್ರ ಬಂದು ಬಂದು ನಿಲ್ಲುತ್ತಿತ್ತು. ನಡುನಡುವೆ ಕರಕರ ಸದ್ದು. ಸಿನಿಮಾದ ಮಾತು ಹೆಚ್ಚಾಗಿ ಬರುವುದೇ ಸೆಂಟರ್‌ನಿಂದ, ಅಲ್ವಾ? ಅದು ಹೋದರೆ ಉಳಿದವು ಇದ್ದೂ ಸುಖವಿಲ್ಲ.

ಇಂಥ ಹೊತ್ತಲ್ಲಿ ‘ಸ್ಪೀಕರ್ ಹೋಯ್ತು, ಹೊಸದು ತನ್ನಿ’ ಅನ್ನುವವರೇ ಜಾಸ್ತಿ. ಆದರೆ ತೊಂದರೆ ಟಿವಿ ಸೆಟ್ಟಿಂಗ್‌ನಲ್ಲಿರಬಹುದು, ಆಂಪ್ಲಿಫೈಯರ್‌ನಲ್ಲಿರಬಹುದು, ವೈರ್‌ನಲ್ಲೂ ಇರಬಹುದು. ಎಲ್ಲಿ ಅಂತ ಗೊತ್ತಾಗುವ ತನಕ ನಾನು ಸ್ಪೀಕರ್ ಬಿಚ್ಚುವುದಿಲ್ಲ.

ಮೊದಲು ಟೆಸ್ಟ್ ಟೋನ್, ಅಂದರೆ ಒಂದೊಂದೇ ಸ್ಪೀಕರನ್ನು ಪರೀಕ್ಷಿಸುವ ಸದ್ದು, ಹಾಕಿದೆ. ಈ ‘ಶ್’ ಸದ್ದನ್ನು ಆಂಪ್ಲಿಫೈಯರೇ ಹುಟ್ಟಿಸುತ್ತದೆ, ಟಿವಿಗೆ ಇದರಲ್ಲಿ ಪಾತ್ರವಿಲ್ಲ. ಆಗಲೂ ಸೆಂಟರ್‌ನಲ್ಲಿ ಕರಕರ. ನಿಮ್ಮಲ್ಲಿ ಟೋನ್ ಚೆನ್ನಾಗಿ ಬಂದು ಸಿನಿಮಾದಲ್ಲಿ ಮಾತ್ರ ಸೆಂಟರ್ ಸುಮ್ಮನಿದ್ದರೆ ಟಿವಿಯ ಆಡಿಯೋ ಔಟ್‌ಪುಟ್ ನೋಡಿ. ಸ್ಟೀರಿಯೋಗೆ ಇಟ್ಟಿದ್ದರೆ ಎಡ, ಬಲ ಎರಡೇ ಚಾನೆಲ್ ಹೋಗುತ್ತಿರುತ್ತದೆ.

ಆಮೇಲೆ ಪ್ಲಗ್ ಕಿತ್ತು, ಆಂಪ್ಲಿಫೈಯರ್ ಹಿಂದೆ ಸೆಂಟರ್ ವೈರನ್ನೂ ಎಡಗಡೆಯ ವೈರನ್ನೂ ಅದಲು ಬದಲು ಮಾಡಿದೆ. ಪ್ಲಗ್ ಕೀಳುವುದನ್ನು ಬಿಡಲೇಬೇಡಿ. ಆನ್ ಇರುವಾಗ ವೈರಿನ ಎರಡು ತುದಿ ತಾಗಿದರೆ ಆಂಪ್ಲಿಫೈಯರ್‌ನಲ್ಲಿ ಸ್ಪೀಕರ್ ನಡೆಸುವ ಚಿಪ್ (ಔಟ್‌ಪುಟ್ ಐಸಿ) ಸುಡಬಹುದು. ಈಗ ಸೆಂಟರ್ ಚಾನೆಲ್‌ನ ಟೋನ್ ಎಡಗಡೆಯ ಸ್ಪೀಕರ್‌ನಲ್ಲಿ ಸ್ವಚ್ಛವಾಗಿ ಬಂತು. ಎಡ ಚಾನೆಲ್‌ನ ಟೋನ್ ಸೆಂಟರ್ ಸ್ಪೀಕರ್‌ನಲ್ಲಿ ಕರಕರ ಅಂದಿತು. ಆಂಪ್ಲಿಫೈಯರ್ ಸರಿ ಇದೆ. ಗಿಡ್ಡ ಹೊಸ ವೈರ್ ಹಾಕಿದರೂ ಹಾಗೇ. ಇನ್ನು ಉಳಿದದ್ದು ಸ್ಪೀಕರ್ ಒಂದೇ.

ಡ್ರೈವರ್, ಅಂದರೆ ಡಬ್ಬದೊಳಗೆ ಸದ್ದು ಹುಟ್ಟಿಸುವ ಭಾಗ, ಹೊರತೆಗೆದು ಮಲ್ಟಿಮೀಟರ್ ಇಟ್ಟೆ. ಅದು 6 ಓಮ್‌ನದ್ದು (ಓಮ್ ಅಂದರೆ ವಿದ್ಯುತ್‌ಗೆ ಒಡ್ಡುವ ತಡೆಯ ಅಳತೆ). ಡ್ರೈವರ್ ಮೇಲೆ ಬರೆದದ್ದಕ್ಕಿಂತ ಮೀಟರ್ ಸ್ವಲ್ಪ ಕಡಿಮೆ ತೋರಿಸುವುದು ಸಹಜ, 5ರ ಆಸುಪಾಸು ಬಂತು. ಅಂದರೆ ಒಳಗಿನ ತಂತಿಸುರುಳಿ (ಕಾಯಿಲ್) ಸುಟ್ಟಿಲ್ಲ. ಸದ್ದಿಗೆ ಅಲುಗುವ ಕೋನ್ ಅನ್ನು ಎರಡೂ ಬದಿಯಿಂದ ಸಮನಾಗಿ ಮೆಲ್ಲಗೆ ಒತ್ತಿದೆ. ರೀಡಿಂಗ್ ಮಾಯ! ಬಿಟ್ಟರೆ ಮತ್ತೆ 5.

ಟಾರ್ಚ್ ಹಾಕಿ ನೋಡಿದಾಗ ಸಿಕ್ಕಿತು. ಟರ್ಮಿನಲ್‌ನಿಂದ ಕೋನ್‌ಗೆ ಹೋಗುವ ಹೆಣೆದ ತಂತಿ ಇರುತ್ತದಲ್ಲ, ಅದರೊಳಗೆ ನೂಲು, ಮೇಲೆ ತೆಳ್ಳನೆಯ ತಾಮ್ರ. ಬಗ್ಗುವ ಜಾಗದಲ್ಲಿ ನೂಲು ಹಾಗೇ ಇತ್ತು, ತಾಮ್ರ ಮಾತ್ರ ಕಡಿದು ಮೀಸೆಯ ಹಾಗೆ ಎದ್ದು ನಿಂತಿತ್ತು. ಹೊರಗಿನಿಂದ ಇಡೀ ತಂತಿಯೇ ಕಾಣುತ್ತದೆ, ಕೋನ್ ಅಲುಗಿದರೆ ಸಂಪರ್ಕ ತಪ್ಪುತ್ತದೆ.

ಇದಕ್ಕೆ ಸಾಮಾನ್ಯ ವೈರ್ ಹಾಕಬಾರದು. ಗಡುಸಾಗಿರುತ್ತದೆ, ಬೇಗ ಮುರಿಯುತ್ತದೆ. ಸ್ಪೀಕರ್ ರಿಪೇರಿಯವರ ಹತ್ತಿರ ಇದೇ ತಂತಿ ಸಿಗುತ್ತದೆ, ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಹಳೆಯದರಷ್ಟೇ ಉದ್ದ ಕತ್ತರಿಸಿ, ಕೋನ್‌ಗೆ ತಾಗದ ಹಾಗೆ ಸ್ವಲ್ಪ ಸಡಿಲ ಬಿಟ್ಟು ಬೆಸುಗೆ ಹಾಕಿದೆ. ಸೋಲ್ಡರ್ ತುದಿಯಲ್ಲೇ ನಿಲ್ಲಬೇಕು. ತಂತಿಯೊಳಗೆ ಹರಿದರೆ ಆ ಭಾಗ ಗಟ್ಟಿಯಾಗಿ ಅಲ್ಲೇ ಮತ್ತೆ ಕಡಿಯುತ್ತದೆ.

ಜೋಡಿಸುವ ಮುಂಚೆ 1.5 ವೋಲ್ಟ್ ಸೆಲ್ ಒಂದನ್ನು ಕ್ಷಣಮಾತ್ರ ತಾಗಿಸಿದೆ. ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಕೋನ್ ಹೊರಗೆ ಜಿಗಿಯಿತು, ಪೋಲಾರಿಟಿ ಸರಿ, ಅಂದರೆ ಪ್ಲಸ್ ಮೈನಸ್ ಅದಲು ಬದಲಾಗಿಲ್ಲ. ಈಗ ಮಾತು ಸ್ಪಷ್ಟವಾಗಿ ಕೇಳುತ್ತಿದೆ.

ಒತ್ತಿದಾಗ ಒಳಗೆ ಉಜ್ಜುವ ಸದ್ದು ಬಂದರೆ, ಇಲ್ಲವೇ ಮೀಟರ್ ಏನೂ ತೋರಿಸದೆ ತಂತಿಯೂ ಸರಿ ಇದ್ದರೆ, ಅದು ಕಾಯಿಲ್ ತೊಂದರೆ. ಆಗ ಅದೇ ಅಳತೆಯ, ಅದೇ ಓಮ್‌ನ ಡ್ರೈವರ್ ತಂದು ಹಾಕುವುದು ಸುಲಭ. ಕಡಿಮೆ ಓಮ್‌ನದ್ದು ಮಾತ್ರ ಬೇಡ, ಆಂಪ್ಲಿಫೈಯರ್ ಬಿಸಿಯಾಗುತ್ತದೆ.